ಒಲೆಯಮ್ಮ ತೊಳೆದ ಹದಿನಾರು ಬಟ್ಟಲು

ಬೆಳಗಿನ ಆರೂ ಇಪ್ಪತ್ತು. ಫೆಬ್ರವರಿಯ ಕೊನೆಯ ವಾರ ಬಂದರೂ ಜಪಾನಿನ ತೊಯಾಮಾದಲ್ಲಿ ಹಿಮ ಕರಗಿಲ್ಲ. ವಿಶ್ವವಿದ್ಯಾಲಯದ ಹಳೇ ರಸಾಯನಶಾಸ್ತ್ರ ಕಟ್ಟಡದ ಮೂರನೇ ಮಹಡಿಯಲ್ಲಿ ಒಂದೇ ಒಂದು ಕಿಟಕಿಯಲ್ಲಿ ದೀಪವಿದೆ. ಒಳಗೆ ನೊಗಾಮಿ ಕಿಯೋಮಿ ಬೂಟು ಕಳಚಿ, ರಬ್ಬರ್ ಚಪ್ಪಲಿ ಮೆಟ್ಟಿ, ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಒಲೆಯ ಮುಂದೆ ನಿಂತಿದ್ದಾರೆ. ಒಲೆ ಎಂದರೆ ಎದೆಮಟ್ಟದ ಉಕ್ಕಿನ ಪೆಟ್ಟಿಗೆ. ನೂರಿಪ್ಪತ್ತು ಡಿಗ್ರಿಯಲ್ಲಿ ಮೂರು ದಿನ ಕಾದು, ನಿನ್ನೆಯಿಂದ ನಿಧಾನವಾಗಿ ಆರಿದೆ. ಅದರ ಬಾಗಿಲಿಗೆ ಹಿಯೆ ದೇಗುಲದ ತಾಯಿತವೊಂದನ್ನು ಟೇಪಿನಲ್ಲಿ ಅಂಟಿಸಿದ್ದಾರೆ. ತೆರೆಯುವ ಮೊದಲು ಬೆರಳ ತುದಿಯಿಂದ ಅದನ್ನೊಮ್ಮೆ ಮುಟ್ಟುತ್ತಾರೆ.

ಒಳಗಿರುವುದು ಹದಿನಾರು ಉಕ್ಕಿನ ಡಬ್ಬಿಗಳು. ಪ್ರತಿ ಡಬ್ಬಿಯೊಳಗೂ ಅಂಗೈಯಲ್ಲಿ ಹಿಡಿಸುವಂಥ ಬಿಳೀ ಟೆಫ್ಲಾನ್ ಬಟ್ಟಲು. ನೊಗಾಮಿ-ಸಾನ್ (ಸಾನ್ ಎಂದರೆ ನಮ್ಮ 'ಅವರು') ಸ್ಪ್ಯಾನರ್ ಹಾಕಿ ಮೊದಲ ಡಬ್ಬಿಯ ಮುಚ್ಚಳ ತಿರುಗಿಸುತ್ತಾರೆ, ಬಟ್ಟಲಿನಲ್ಲಿದ್ದುದನ್ನು ಗಾಜಿನ ತಟ್ಟೆಗೆ ಬಗ್ಗಿಸುತ್ತಾರೆ, ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಸರಿಸುತ್ತಾರೆ.

"ಹಿಟ್ಟು," ಎನ್ನುತ್ತಾರೆ.

ಎರಡನೆಯದೂ ಹಿಟ್ಟು. ಮೂರನೆಯದೂ ಹಿಟ್ಟು. ಹದಿನಾರನೆಯದಕ್ಕೆ ಬರುವ ಹೊತ್ತಿಗೆ ಕಿಟಕಿಯಾಚೆ ತಾತೆಯಾಮಾ ಬೆಟ್ಟಸಾಲಿನ ಹಿಂದೆ ಬೆಳಕು ಹರಿದಿದೆ. ಅದೂ ಹಿಟ್ಟೇ ಎಂದು ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಜನವರಿ ಐದರಿಂದ ಇದು ಹದಿಮೂರನೇ ಸುತ್ತು, ಇನ್ನೂರ ಎಂಟನೇ ಬಟ್ಟಲು. ಬೇಕಾಗಿರುವುದು ಒಂದು ಹರಳು. ಸಾಸಿವೆ ಕಾಳಿನ ಕಾಲು ಭಾಗದಷ್ಟಿದ್ದರೂ ಸಾಕು. ಅದು ಬರುತ್ತಿಲ್ಲ.

"ಇಷ್ಟು ಬೆಳಿಗ್ಗೆ ಎದ್ದು ಬಂದಿದೀರಿ, ಬರಿಗೈಲಿ ಹೇಗೆ ಕಳಿಸೋದು? ಇಷ್ಟು ಹಿಟ್ಟಿದೆ, ತೆಂಪುರಾ ಬಜ್ಜಿ ಕರಿದು ಕೊಡ್ಲಾ?" ಎಂದು ನನ್ನನ್ನು ಕೇಳುತ್ತಾರೆ.

ನಾನು ಈ ಊರಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಔಷಧ ಕಂಪನಿಯೊಂದಕ್ಕೆ ಅನುವಾದ ಮಾಡಿಕೊಡುವುದು ಹೊಟ್ಟೆಪಾಡು. ನೊಗಾಮಿ-ಸಾನ್ ನನಗೆ ಬೆಳಗಿನ ಮೊದಲ ಟ್ರಾಮಿನ ಪರಿಚಯ. ಏಳು ವರ್ಷ ಎದುರುಬದುರು ಕೂತು ಹವಾಮಾನದ ವಿಚಾರ ಬಿಟ್ಟು ಬೇರೆ ಮಾತಾಡಿರಲಿಲ್ಲ. ಈ ಜನವರಿಯಲ್ಲಿ ಒಂದು ದಿನ ಅವರು ತಮ್ಮ ನಿಲ್ದಾಣ ಬಂದರೂ ಇಳಿಯದೆ ಕೂತೇ ಇದ್ದರು. ಕೊನೆಯ ನಿಲ್ದಾಣದಲ್ಲಿ ನಾನೇ ಎಬ್ಬಿಸಲು ಹೋದೆ. ನಿದ್ದೆ ಮಾಡುತ್ತಿರಲಿಲ್ಲ, ಕಣ್ಣು ಬಿಟ್ಟುಕೊಂಡೇ ಇದ್ದರು. ಕನ್ನಡ ಪತ್ರಿಕೆಗೆಂದು ಬರೆದ ಈ ಬರಹ ಅಲ್ಲಿಂದ ಶುರುವಾಯಿತು. ವಿಶ್ವವಿದ್ಯಾಲಯದ ಹೆಸರು ಬೇಡ ಎಂದು ಕೇಳಿಕೊಂಡಿದ್ದಾರೆ. ತಮ್ಮ ಹೆಸರನ್ನು ಮಾತ್ರ ಹಾಕಲೇಬೇಕು ಎಂದಿದ್ದಾರೆ. ಯಾಕೆಂಬುದನ್ನು ಕೊನೆಗೆ ಹೇಳುತ್ತೇನೆ.

ಅವರಿಗೀಗ ಅರವತ್ತೊಂದು. ಅಪ್ಪ ಊರೂರು ತಿರುಗಿ ಮನೆಮದ್ದು ಮಾರುತ್ತಿದ್ದವರು. ಬೆತ್ತದ ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಬೆನ್ನಿಗೇರಿಸಿಕೊಂಡು ಕಡಲಾಚೆಯ ಶಿಕೋಕು ದ್ವೀಪದವರೆಗೂ ಹೋಗಿಬರುತ್ತಿದ್ದರಂತೆ. ಮನೆಯಲ್ಲಿ ಗುಳಿಗೆ ಎಣಿಸಿ ಪೊಟ್ಟಣ ಕಟ್ಟುವ ಕೆಲಸ ಮಗಳದು. "ಅಪ್ಪ ಪೊಟ್ಟಣ ಬಿಚ್ಚಿ ನೋಡ್ತಿರಲಿಲ್ಲ. ಕಿವಿ ಹತ್ರ ಅಲ್ಲಾಡಿಸಿ, ಒಂದು ಗುಳಿಗೆ ಒಡೆದಿದೆ ಅನ್ನೋರು. ಬಿಚ್ಚಿದ್ರೆ ಒಡೆದೇ ಇರ್ತಿತ್ತು," ಎನ್ನುತ್ತಾರೆ. ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ, ಯಾರೋ ಹೆರಿಗೆ ರಜೆಯ ಮೇಲೆ ಹೋದರೆಂದು ಎರಡು ತಿಂಗಳ ಮಟ್ಟಿಗೆ ಗಾಜಿನ ಪಾತ್ರೆ ತೊಳೆಯಲು ಈ ಪ್ರಯೋಗಾಲಯಕ್ಕೆ ಬಂದರು. ಎರಡು ತಿಂಗಳು ಹೋಗಿ ಮೂವತ್ತೇಳು ವರ್ಷವಾಗಿದೆ. ಇವತ್ತಿಗೂ ವರ್ಷಕ್ಕೊಮ್ಮೆ ಹೊಸ ಕರಾರಿಗೆ ಸಹಿಯ ಬದಲಿನ ಮುದ್ರೆ ಒತ್ತುತ್ತಾರೆ. ಹುದ್ದೆಯ ಹೆಸರು 'ಸಹಾಯಕ ಕೆಲಸ'. ವಿದ್ಯಾರ್ಥಿಗಳು ಇಟ್ಟ ಹೆಸರು ಒಲೆಯಮ್ಮ.

ಪಾತ್ರೆ ತೊಳೆಯಲು ಬಂದವರು ಹರಳು ಬೆಳೆಸುವುದನ್ನು ಕಲಿತದ್ದು ನೋಡಿ ನೋಡಿ. ಆ ಹರಳಿಗೆ ವಿಜ್ಞಾನಿಗಳು ಇಟ್ಟ ಹೆಸರು ಲೋಹ-ಸಾವಯವ ಚೌಕಟ್ಟು. ಹೆಸರು ಕೇಳಿ ನಾನು ಕಣ್ಣು ಕಣ್ಣು ಬಿಟ್ಟಾಗ ನೊಗಾಮಿ-ಸಾನ್ ಕಿಟಕಿಯಿಂದ ಎದುರು ಕಟ್ಟಡ ತೋರಿಸಿದರು. ರಿಪೇರಿಗೆಂದು ಸುತ್ತ ಕೊಳವೆಗಳ ಸಾರುವೆ ಕಟ್ಟಿತ್ತು.

"ಅದೇ ತರ. ಗಂಟುಗಳು ಲೋಹದ್ದು, ನಮ್ಮದ್ರಲ್ಲಿ ಟೈಟಾನಿಯಂ. ಗಂಟಿನಿಂದ ಗಂಟಿಗೆ ಇಂಗಾಲದ ಗಳ. ಒಳಗೆಲ್ಲ ಖಾಲಿ. ಬೆಳಕು ಬಿತ್ತು ಅಂದ್ರೆ ಗಳದಲ್ಲಿರೋ ಎಲೆಕ್ಟ್ರಾನು ಹಾರಿ ಗಂಟಿನ ಮೇಲೆ ಕೂರುತ್ತೆ. ಕೂತ ತಕ್ಷಣ ಬಿದ್ಬಿಟ್ರೆ ಯಾರಿಗೇನು ಲಾಭ? ಸ್ವಲ್ಪ ಹೊತ್ತು ಕೂತಿರಬೇಕು. ಕೂತಿದ್ರೆ ಹಳದಿ ಹರಳು ನೀಲಿ ಆಗುತ್ತೆ. ನಂಗೆ ಗೊತ್ತಿರೋದು ಇಷ್ಟೇ. ಮಿಕ್ಕಿದ್ದು ಸೆನ್ಸೇನ ಕೇಳಿ."

ಮಿಕ್ಕಿದ್ದನ್ನು ಸೆಕಿಮೊತೊ ಸೆನ್ಸೇ, ಅಂದರೆ ಸೆಕಿಮೊತೊ ಮೇಷ್ಟ್ರು, ಹೇಳಿದರು. ಈ ಪ್ರಯೋಗಾಲಯ ಕಟ್ಟಿದ ಪ್ರಾಧ್ಯಾಪಕರು ಅವರು, ಮಾರ್ಚ್ ಮೂವತ್ತೊಂದಕ್ಕೆ ನಿವೃತ್ತಿ. ಅವರೊಂದಿಗೆ ಪ್ರಯೋಗಾಲಯವೂ ಮುಚ್ಚುತ್ತದೆ. ಎಲೆಕ್ಟ್ರಾನು ಎಷ್ಟು ಎತ್ತರ ಹಾರಬೇಕು ಎನ್ನುವುದರ ಮೇಲೆ ಹರಳು ಯಾವ ಬೆಳಕನ್ನು ನುಂಗುತ್ತದೆ ಎನ್ನುವುದು ನಿಂತಿದೆಯಂತೆ. ಬರೀ ಗಳವಾದರೆ ಎತ್ತರ ಜಾಸ್ತಿ, ಅತಿನೇರಳೆ ಬೆಳಕೇ ಬೇಕು. ಗಳಕ್ಕೆ ಸಾರಜನಕದ ಸಣ್ಣದೊಂದು ಕೊಂಡಿ ಸೇರಿಸಿದರೆ ಎತ್ತರ ತಗ್ಗುತ್ತದೆ, ಸಾಮಾನ್ಯ ಬಿಸಿಲಿನ ನೀಲಿ ಭಾಗವೇ ಸಾಕಾಗುತ್ತದೆ. ನೀಲಿಯನ್ನು ನುಂಗುವುದರಿಂದಲೇ ಹರಳು ನಮಗೆ ಹಳದಿಯಾಗಿ ಕಾಣುತ್ತದೆ. ಹಾರಿದ ಎಲೆಕ್ಟ್ರಾನು ತಡೆದು ಕೂತರೆ ಅದನ್ನು ಕೆಲಸಕ್ಕೆ ಹಚ್ಚಬಹುದು. ಬರೀ ಬಿಸಿಲಿನಿಂದ ನೀರನ್ನು ಒಡೆದು ಜಲಜನಕ ತೆಗೆಯುವ ಕನಸು ಅಲ್ಲಿದೆ. ಪ್ರಪಂಚದ ಎಲ್ಲ ಪ್ರಯೋಗಾಲಯಗಳಲ್ಲೂ ಇದು ಹಿಟ್ಟಾಗಿಯೇ ಸಿಗುತ್ತದೆ, ಹಿಟ್ಟಿನಲ್ಲಿ ನೀಲಿ ಕೆಲವೇ ನಿಮಿಷ ನಿಲ್ಲುತ್ತದೆ. ನೊಗಾಮಿ-ಸಾನ್ ಬೆಳೆಸಿದ ಇಡೀ ಹರಳಿನಲ್ಲಿ ಹನ್ನೊಂದು ಗಂಟೆ ನಿಂತಿತ್ತು.

"ನಾವು ಮೂರು ಜನ ಡಾಕ್ಟರೇಟು ಮಾಡಿದವರು ಅದೇ ದ್ರಾವಣ, ಅದೇ ಒಲೆ ಇಟ್ಕೊಂಡು ಮಾಡಿದ್ರೂ ಹಿಟ್ಟು. ಈ ಯಮ್ಮ ಮುಟ್ಟಿದ್ರೆ ಹರಳು. ಹೆದರ್ಕೊಂಡು ಬರ್ತಿತ್ತು ಅಂತ ಕಾಣುತ್ತೆ," ಎಂದರು ಸೆನ್ಸೇ.

"ನಿಮ್ಮ ಹಾಗೆ ಅರ್ಧ ಗಂಟೆಗೊಂದ್ಸಲ ಬಾಗಿಲು ತೆಗೆದು ಇಣುಕಿದ್ರೆ ಯಾವ ಹರಳು ಬರುತ್ತೆ, ಸೆನ್ಸೇ?" ಎಂದರು ನೊಗಾಮಿ-ಸಾನ್.

ಕೆಲಸ ಸರಿಯಾಗಿ ನಡೆಯುತ್ತಿದ್ದಾಗ ಒಂದು ಸುತ್ತಿಗೆ ಐದಾರು ಹರಳು ಸಿಗುತ್ತಿದ್ದವು. ಹಿಟ್ಟಿನ ನಡುವಿನಿಂದ ಅವನ್ನು ಎತ್ತಲು ಅವರ ಬಳಿ ಒಂದು ಉಪಕರಣವಿದೆ. ಊಟದ ಕಡ್ಡಿಯ ತುದಿಗೆ ಅಂಟಿಸಿದ ಬೆಕ್ಕಿನ ಮೀಸೆಯ ಕೂದಲು. ಇಕ್ಕಳ ಹಾಕಿದರೆ ಹರಳು ಬಿರಿಯುತ್ತದೆ, ಮೀಸೆಯಾದರೆ ಬಳುಕುತ್ತದೆ. ಪಕ್ಕದ ಮನೆಯ ತೋಫು ಅಂಗಡಿಯ ಬೆಕ್ಕು ಉದುರಿಸಿದ ಮೀಸೆಗಳನ್ನು ಅಂಗಡಿಯವರು ಕಾಗದದಲ್ಲಿ ಸುತ್ತಿಟ್ಟು ಕೊಡುತ್ತಾರೆ. ಹೀಗೆ ಎತ್ತಿದ ಹರಳು ಅದರದೇ ದ್ರಾವಣದಲ್ಲಿ ಮುಳುಗಿದ್ದರೂ ನಲವತ್ತು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ. ಒಳಗಿಂದ ಬಿರುಕು ಬಿಟ್ಟು ಸಾಯುತ್ತದೆ. ಹೊರದೇಶದ ಸಂಶೋಧಕರ ಗುಂಪೊಂದಕ್ಕೆ ಎರಡು ಸಲ ಅಂಚೆಯಲ್ಲಿ ಕಳಿಸಿದ್ದರು, ಎರಡು ಸಲವೂ ತಲುಪಿದ್ದು ಪುಡಿ.

ಆ ಹೊರದೇಶದ ಗುಂಪು ಕಳೆದ ಶರತ್ಕಾಲದಲ್ಲಿ, ಈ ಹರಳಿನ ಬಗ್ಗೆ ಲೇಖನ ಅಚ್ಚು ಮಾಡಿದ್ದ ವಿಜ್ಞಾನ ಪತ್ರಿಕೆಗೆ ಕಾಗದ ಬರೆಯಿತು. ನಮ್ಮ ಕೈಯಲ್ಲಿ ಈ ಹರಳು ಬರುತ್ತಿಲ್ಲ, ಹನ್ನೊಂದು ಗಂಟೆಯ ನೀಲಿಯನ್ನು ನಂಬುವುದು ಹೇಗೆ ಎಂದು. ಮಾರ್ಚ್ ಕೊನೆಯೊಳಗೆ ಹೊಸ ಹರಳು ಬೆಳೆಸಿ, ಹೊರಗಿನವರ ಎದುರು ಅಳೆದು ತೋರಿಸಿ, ಇಲ್ಲವಾದರೆ ಲೇಖನ ವಾಪಸು ತೆಗೆದುಕೊಳ್ಳಿ ಎಂದು ಪತ್ರಿಕೆ ಹೇಳಿತು. ಆ ಲೇಖನದ ಲೇಖಕರಲ್ಲಿ ಮೊದಲ ಹೆಸರು ಕುಸಾಕಾ ರಿಯೊ ಅವರದು. ಮೂವತ್ತಾರು ವರ್ಷದ ಸಂಶೋಧಕ. ಅವರ ಕರಾರೂ ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತದೆ. ದಕ್ಷಿಣದ ಕ್ಯೂಶೂ ಕಡೆಯ ಒಂದು ವಿಶ್ವವಿದ್ಯಾಲಯ ಕೆಲಸ ಕೊಡುವುದಾಗಿ ಬಾಯಿಮಾತಿನಲ್ಲಿ ಹೇಳಿದೆ, ಈ ತಕರಾರು ಇತ್ಯರ್ಥವಾಗಲಿ ಎಂದು ಕಾಯುತ್ತಿದೆ. ಡಿಸೆಂಬರಿನಲ್ಲಿ ಇವರು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹರಳು ತಾನೇ, ಹೊಸ ವರ್ಷದ ಮೊದಲ ಸುತ್ತಿನಲ್ಲಿ ತೆಗೆದರಾಯಿತು ಎಂದುಕೊಂಡರು. ಹೊರಗಿನವರು ಬಂದು ಅಳೆಯಲು ಜನವರಿ ಇಪ್ಪತ್ತರ ದಿನವನ್ನೂ ಗೊತ್ತು ಮಾಡಿದರು.

ನಡುವೆ ವರ್ಷಾಂತ್ಯದ ದೊಡ್ಡ ಶುಚಿ ಬಂತು. ಇಲ್ಲಿ ಮನೆ, ಅಂಗಡಿ, ಕಚೇರಿ ಯಾವುದೂ ಹಳೇ ಕೊಳೆಯನ್ನು ಹೊಸ ವರ್ಷಕ್ಕೆ ದಾಟಿಸುವುದಿಲ್ಲ. ಪ್ರಯೋಗಾಲಯಕ್ಕೂ ಅದೇ ನೇಮ. ಅದರ ಮೇಲೆ ಇದು ಸೆನ್ಸೇ ಅವರ ಕೊನೆಯ ವರ್ಷ. ನೊಗಾಮಿ-ಸಾನ್ ನಲ್ಲಿ, ನೆಲ, ಕಿಟಕಿ ಎಲ್ಲ ಉಜ್ಜಿ ಮುಗಿಸಿ, ಕೊನೆಗೆ ಹದಿನಾರು ಬಟ್ಟಲು ಮುಂದಿಟ್ಟುಕೊಂಡರು. ಹನ್ನೊಂದು ವರ್ಷ ಬಳಸಿದ ಬಟ್ಟಲುಗಳು. ಚಹಾದ ಕಲೆಯಂತೆ ಹಳದಿಗಟ್ಟಿದ್ದವು, ಗೀರು ಬಿದ್ದಿದ್ದವು. ತೀರ ಆಳದ ಗೀರಿದ್ದ ಐದನ್ನು ಎಸೆದು ಹೊಸದು ತಂದರು. ಉಳಿದ ಹನ್ನೊಂದನ್ನು ಎರಡು ದಿನ ಆಮ್ಲದಲ್ಲಿ ನೆನೆಸಿ, ನುಣುಪಾದ ಪುಡಿ ಹಾಕಿ, ಗೀರುಗಳೇ ಮಾಸುವ ತನಕ ತಿಕ್ಕಿದರು.

"ಕೈಯೆಲ್ಲ ಸುಲಿದುಹೋಗಿತ್ತು. ಸಾಲಾಗಿ ಬೋರಲು ಹಾಕಿದ್ದೆ. ಸೆನ್ಸೇ ಬಂದು ನೋಡಿ, ಕಣ್ಣು ಕುಕ್ಕುತ್ತೆ ಕಣ್ರೀ ಅಂದ್ರು. ವಂದನೆ ಅಂತ ತಲೆ ಬಗ್ಗಿಸಿದ್ರು ನಂಗೆ. ಮೂವತ್ತೇಳು ವರ್ಷದಲ್ಲಿ ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ," ಎನ್ನುತ್ತಾರೆ ನೊಗಾಮಿ-ಸಾನ್. ಹೇಳುವಾಗ ಅವರು ನನ್ನ ಮುಖ ನೋಡುವುದಿಲ್ಲ.

ಜನವರಿ ಒಂಬತ್ತರಂದು ಮೊದಲ ಸುತ್ತು ತೆರೆದರು. ಹಿಟ್ಟು. ಹೊಸ ಟೈಟಾನಿಯಂ ಬಾಟಲಿಯ ಮೇಲೆ ಅನುಮಾನ ಬಂತು, ಹಳೆಯದು ಹುಡುಕಿ ಹಾಕಿದರು. ಎರಡನೇ ಸುತ್ತೂ ಹಿಟ್ಟಾದಾಗ ಒಲೆಯ ಉಷ್ಣಮಾಪಕ ಬದಲಿಸಿದರು. ಮೂರನೆಯದಕ್ಕೆ ದ್ರಾವಕವನ್ನು ಬೇರೆ ಕಡೆಯಿಂದ ತರಿಸಿದರು. ಅಳೆಯಲು ಬರಬೇಕಿದ್ದವರಿಗೆ ಕುಸಾಕಾ-ಸಾನ್ ಫೋನಿನಲ್ಲಿ ಕ್ಷಮೆ ಕೇಳಿದರು.

ಕಾರಣ ಮೊದಲು ಹೊಳೆದದ್ದು ನೊಗಾಮಿ-ಸಾನ್‌ಗೆ, ಜನವರಿ ಇಪ್ಪತ್ತೆರಡರ ಬೆಳಿಗ್ಗೆ, ಟ್ರಾಮಿನಲ್ಲಿ. ನಾನು ಅವರನ್ನು ಎಬ್ಬಿಸಲು ಹೋದ ದಿನವೇ ಅದು. ಹರಳು ಬರಿದೇ ಹುಟ್ಟುವುದಿಲ್ಲ, ಅದಕ್ಕೆ ಕಚ್ಚಿಕೊಳ್ಳಲು ಒಂದು ಬೀಜ ಬೇಕು, ಒಂದು ಒರಟು ಜಾಗ ಬೇಕು. ಹನ್ನೊಂದು ವರ್ಷ ಆ ಗೀರುಗಳ ಸಂದಿಯಲ್ಲಿ ಹಳೇ ಹರಳುಗಳ ಕಣ್ಣಿಗೆ ಕಾಣದ ಚೂರುಗಳು ಉಳಿದು, ಸುತ್ತಿನಿಂದ ಸುತ್ತಿಗೆ ಹೆಪ್ಪು ಹಾಕಿದ ಹಾಗೆ ಮುಂದಿನ ಹರಳನ್ನು ಹುಟ್ಟಿಸುತ್ತಿದ್ದವು. ಹೊರದೇಶದವರಿಗೆ ಯಾಕೆ ಬರಲಿಲ್ಲ, ಡಾಕ್ಟರೇಟಿನವರಿಗೆ ಯಾಕೆ ಬರಲಿಲ್ಲ ಎಂಬುದಕ್ಕೂ ಉತ್ತರ ಅದೇ. ಅವರೆಲ್ಲ ಪ್ರತಿ ಸಲ ಹೊಸ ಬಟ್ಟಲು ತಗೊಂಡಿದ್ದರು. ಹಳೇ ಬಟ್ಟಲು ಬಳಸುತ್ತಿದ್ದವರು ಒಲೆಯಮ್ಮ ಒಬ್ಬರೇ. ಉಳಿದವರಿಗೆ ಹೊಸದು ಇರಲಿ ಎಂದು ಕಲೆಯಾದವನ್ನು ತಾವು ಇಟ್ಟುಕೊಂಡಿದ್ದರು.

ಇಲ್ಲಿಯವರೆಗಿನದು ತಪ್ಪು, ಯಾರು ಬೇಕಾದರೂ ಮಾಡಬಹುದಾದ ತಪ್ಪು. ಮುಂದಿನದನ್ನು ಅವರು ಹಾಗೆ ಕರೆಯಲು ಒಪ್ಪುವುದಿಲ್ಲ. ಎಸೆದ ಐದು ಬಟ್ಟಲು ಅವತ್ತಿನ್ನೂ ಕಟ್ಟಡದ ಹಿಂದಿನ ಕಸದ ಕೋಣೆಯಲ್ಲೇ ಇದ್ದವು. ತೊಳೆಯದೆ ಎಸೆದವು, ಕಲೆ ಗೀರು ಸಮೇತ. ರಾಸಾಯನಿಕ ಕಸ ಒಯ್ಯುವ ಲಾರಿ ಬರುವುದು ತಿಂಗಳ ನಾಲ್ಕನೇ ಶುಕ್ರವಾರ. ಎರಡು ದಿನ ಸಮಯವಿತ್ತು.

"ನೆನಪಾಗಲಿಲ್ಲ ಅಂದ್ರೆ ಸುಳ್ಳಾಗುತ್ತೆ," ಎನ್ನುತ್ತಾರೆ. "ಟ್ರಾಮ್ ಇಳಿಯೋದ್ರೊಳಗೇ ನೆನಪಾಗಿತ್ತು. ಆದ್ರೆ ಕಸದ ಕೋಣೆ ಬೀಗದ ಕೈ ಆಫೀಸಲ್ಲಿ ಕೇಳಬೇಕು. ಯಾಕೆ ಅಂತ ಪುಸ್ತಕದಲ್ಲಿ ಬರೀಬೇಕು. ಬರೆದ್ರೆ ಸೆನ್ಸೇಗೆ ಗೊತ್ತಾಗುತ್ತೆ, ಕುಸಾಕಾ-ಸಾನ್‌ಗೆ ಗೊತ್ತಾಗುತ್ತೆ. ನಾನು ತಿಕ್ಕಿದ್ದಕ್ಕೆ ತಲೆ ಬಗ್ಗಿಸಿದ್ರಲ್ಲ ಸೆನ್ಸೇ, ಅವರ ಎದುರು ಹೇಗೆ ಹೇಳಲಿ? ಮಧ್ಯಾಹ್ನ ಕೇಳೋಣ, ನಾಳೆ ಕೇಳೋಣ ಅಂತ ಹೋಯ್ತು. ಶುಕ್ರವಾರ ಕಿಟಕಿಲಿ ನಿಂತು ಲಾರಿ ಹೋಗೋದು ನೋಡಿದೆ. ಓಡಿಹೋಗಿದ್ರೂ ಸಿಕ್ತಿತ್ತು. ಹೋಗಲಿಲ್ಲ."

ಬಾಯಿ ಬಿಟ್ಟದ್ದು ಜನವರಿ ಮೂವತ್ತೊಂದರಂದು, ಹತ್ತು ಗಂಟೆಯ ಚಹಾದ ಹೊತ್ತಿಗೆ. ಸೆನ್ಸೇ, ಕುಸಾಕಾ-ಸಾನ್ ಇಬ್ಬರ ಎದುರು ನೆಲದ ಮೇಲೆ ಕೂತು ಹಣೆ ಮುಟ್ಟಿಸಿದರಂತೆ. ಕುಸಾಕಾ-ಸಾನ್ ಲಾರಿಯವರಿಗೆ ಫೋನು ಮಾಡಿದರು. ಎಲ್ಲ ಸುಟ್ಟಾಗಿತ್ತು. ಫೋನಿಟ್ಟು ಬಂದು ಅವರು ಹೇಳಿದ್ದು ಒಂದೇ ಮಾತು: "ಏಳಿ ನೊಗಾಮಿ-ಸಾನ್. ಶುಚಿ ಮಾಡಿದ್ದಕ್ಕೆ ಯಾರಾದ್ರೂ ಕ್ಷಮೆ ಕೇಳ್ತಾರಾ?"

"ಬೈದುಬಿಟ್ಟಿದ್ರೆ ನಿದ್ದೆ ಬರ್ತಿತ್ತು," ಎನ್ನುತ್ತಾರೆ ಇವರು.

ಅಂದಿನಿಂದ ಶುರುವಾದದ್ದು ಇದು. ಅರವತ್ತೊಂದರ ಹೆಂಗಸು ಬೆಳಿಗ್ಗೆ ಆರಕ್ಕೆ ಬಂದು, ತಾವೇ ನುಣುಪು ಮಾಡಿದ ಬಟ್ಟಲುಗಳನ್ನು ಮತ್ತೆ ಗೀಚುತ್ತಾರೆ. ಮೊಳೆಯಿಂದ ಗೀಚಿದ್ದಾಯಿತು, ಉಪ್ಪುಕಾಗದದಿಂದ ಉಜ್ಜಿದ್ದಾಯಿತು, ಮೀನಿನ ಮೂಳೆಯಿಂದ ಕೆರೆದದ್ದೂ ಆಯಿತು. ಹಳೇ ಹರಳಿನ ಧೂಳು ಎಲ್ಲಾದರೂ ಉಳಿದಿದೆಯೇ ಎಂದು ಸೂಕ್ಷ್ಮದರ್ಶಕದ ಸಂದಿಗಳನ್ನು ಸೂಜಿಯಲ್ಲಿ ಕೆದಕಿದರು. ಹಳೇ ನೋಟ್‌ಬುಕ್ಕಿನ ಮೇಲೆ ಬಿದ್ದು ಒಣಗಿದ ಹನಿಗಳನ್ನು ಕೆರೆದರು. ಬೆಕ್ಕಿನ ಮೀಸೆಗಳನ್ನು ಒಂದೊಂದಾಗಿ ದ್ರಾವಣದಲ್ಲಿ ಅದ್ದಿದರು. ಆದರೆ ಡಿಸೆಂಬರಿನಲ್ಲಿ ಅವರು ಏನನ್ನೂ ಅರ್ಧಂಬರ್ಧ ತೊಳೆದಿರಲಿಲ್ಲ. ಮಧ್ಯಾಹ್ನ ಕೊಂಬು ಎಂಬ ಕಡಲಪಾಚಿಯ ಪುಡಿ ಸುತ್ತಿದ ಅನ್ನದುಂಡೆ ಬಿಚ್ಚಿಟ್ಟುಕೊಂಡು ಕೂರುತ್ತಾರೆ. ಅರ್ಧ ತಿಂದು ಮತ್ತೆ ಕಟ್ಟಿಡುತ್ತಾರೆ.

ಈಗ ಮಾರ್ಚ್ ಮೂರನೇ ವಾರ. ರಸ್ತೆಯ ಹಿಮ ಕರಗಿಸಲು ಚಿಮುಕಿಸುತ್ತಿದ್ದ ನೀರು ನಿಂತಿದೆ, ನೆಲದ ಮೇಲೆ ಅದರ ತುಕ್ಕಿನ ಕೆಂಪು ಮಾತ್ರ ಉಳಿದಿದೆ. ಹದಿನೆಂಟು ಸುತ್ತು ಮುಗಿದಿವೆ. ಕುಸಾಕಾ-ಸಾನ್ ಲೇಖನವನ್ನು ವಾಪಸು ತೆಗೆದುಕೊಳ್ಳುವ ಪತ್ರ ಬರೆದಿದ್ದಾರೆ. ಕ್ಯೂಶೂದಿಂದ ಸೌಜನ್ಯದ ಒಂದು ಕಾಗದ ಬಂದಿದೆ, ಈ ವರ್ಷ ಹುದ್ದೆ ತುಂಬುವುದಿಲ್ಲವಂತೆ. ಏಪ್ರಿಲಿನಿಂದ ಅವರು ಅಣ್ಣನ ಅಲ್ಯೂಮಿನಿಯಂ ಕಿಟಕಿ ಕಾರ್ಖಾನೆಗೆ ಹೋಗುತ್ತಾರೆ. "ಅಲ್ಲೂ ಚೌಕಟ್ಟೇ, ಸ್ವಲ್ಪ ದೊಡ್ಡದು," ಎಂದು ನಕ್ಕರು. ಅವರ ನಗು ನೋಡಲಾರದೆ ನಾನು ಲೋಟದಲ್ಲಿದ್ದ ಚಹಾ ನೋಡಿದೆ.

ಲೇಖನದ ವಾಪಸಾತಿ ಪತ್ರ ಹೋಗುವ ಮೊದಲು ನೊಗಾಮಿ-ಸಾನ್ ಮತ್ತೊಂದು ಕೆಲಸ ಮಾಡಿದರು. ಇಲ್ಲಿ ಕೆಲಸದಲ್ಲಿ ತಪ್ಪಾದರೆ ಕೈಬರಹದಲ್ಲಿ ತಪ್ಪೊಪ್ಪಿಗೆ ಬರೆದು ಮುದ್ರೆ ಒತ್ತುವ ರೂಢಿಯಿದೆ. ಎರಡು ಪುಟ ಬರೆದರು. ಬಟ್ಟಲು ತೊಳೆದದ್ದು, ಕಾರಣ ಹೊಳೆದ ದಿನ, ಲಾರಿ ಬಂದ ದಿನ, ಒಂದನ್ನೂ ಬಿಡಲಿಲ್ಲ. ಇದನ್ನು ವಾಪಸಾತಿ ಪತ್ರದ ಜೊತೆ ಅಚ್ಚು ಮಾಡಿಸಿ, ಹರಳು ಸುಳ್ಳಲ್ಲ ಎಂದು ಜನಕ್ಕೆ ತಿಳಿಯಲಿ, ಕೆಡಿಸಿದವಳು ಯಾರೆಂದೂ ತಿಳಿಯಲಿ ಎಂದು ಕೇಳಿದರು. ಕುಸಾಕಾ-ಸಾನ್ ಅನುವಾದಿಸಿ ಕಳಿಸಿದರು. ಪತ್ರಿಕೆಯ ಉತ್ತರ ನಾಲ್ಕು ಸಾಲು. ವಾಪಸಾತಿಯಲ್ಲಿ ಲೇಖಕರ ಹೇಳಿಕೆಗಷ್ಟೇ ಜಾಗ. ಲೇಖಕರಲ್ಲದವರ ಹೆಸರನ್ನಾಗಲಿ ಹೇಳಿಕೆಯನ್ನಾಗಲಿ ಸೇರಿಸುವಂತಿಲ್ಲ. ಅಚ್ಚಾಗುವುದು ಇಷ್ಟೇ: ಹರಳನ್ನು ಮತ್ತೆ ಬೆಳೆಸಲು ಲೇಖಕರಿಗೆ ಸಾಧ್ಯವಾಗಲಿಲ್ಲ.

ಹನ್ನೊಂದು ಲೇಖನಗಳ ಕೊನೆಯ ಕೃತಜ್ಞತೆಯ ಸಾಲಿನಲ್ಲಿ ನೊಗಾಮಿ-ಸಾನ್ ಹೆಸರಿದೆ. ಲೇಖಕರ ಸಾಲಿನಲ್ಲಿ ಒಂದರಲ್ಲೂ ಇಲ್ಲ. ಪತ್ರಿಕೆಯ ಉತ್ತರ ಓದಿದ ಸೆಕಿಮೊತೊ ಸೆನ್ಸೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಂದೇ ಒಂದು ಸಲ ನಿಮ್ಮ ಹೆಸರನ್ನ ಮೇಲೆ ಹಾಕಿದ್ರೆ ಆಗ್ತಿತ್ತು. ಬೈಸಿಕೊಳ್ಳೋಕಾದ್ರೂ ಜಾಗ ಇರ್ತಿತ್ತು ನಿಮಗೆ. ನಂಗೆ ಹೊಳೀಲೇ ಇಲ್ಲ ನೊಗಾಮಿ-ಸಾನ್. ಮೂವತ್ತೇಳು ವರ್ಷ ಹೊಳೀಲೇ ಇಲ್ಲ," ಎಂದರು.

"ನಂಗೂ ಹೊಳೆದಿರಲಿಲ್ಲ, ಸೆನ್ಸೇ. ಚಹಾ ಆರುತ್ತೆ, ಕುಡೀರಿ," ಎಂದರು ಇವರು.

ನಾನು ಕೊನೆಯ ಸಲ ಹೋದಾಗ ಕೋಣೆ ಅರ್ಧ ಖಾಲಿಯಾಗಿತ್ತು. ಒಲೆಯ ತಂತಿ ಕಿತ್ತಿತ್ತು. ತಾಯಿತ ಅಂಟಿಸಿದ್ದ ಕಡೆ ಟೇಪಿನ ಗುರುತು ಉಳಿದಿತ್ತು. ಎಲ್ಲವನ್ನೂ ತೊಳೆದು, ಒರೆಸಿ, ಚೀಟಿ ಹಚ್ಚಿ ಕಚೇರಿಗೆ ಒಪ್ಪಿಸುತ್ತಿದ್ದ ನೊಗಾಮಿ-ಸಾನ್ ಹದಿನಾರು ಬಟ್ಟಲುಗಳನ್ನು ಮಾತ್ರ ಕೊನೆಯ ಸುತ್ತಿನ ಹಿಟ್ಟಿನ ಸಮೇತ ಡಬ್ಬದಲ್ಲಿಟ್ಟಿದ್ದರು. ಮೇಲೆ ದಪ್ಪಕ್ಷರದಲ್ಲಿ 'ತೊಳೆಯಬೇಡಿ' ಎಂದು ಬರೆದಿದ್ದರು. ಕಚೇರಿಯ ಗುಮಾಸ್ತ ಬಂದು, ಕೊಳಕು ಸಾಮಾನು ತಗೊಳ್ಳೋ ಹಾಗಿಲ್ಲ, ನಿಯಮ ನಿಮಗೂ ಗೊತ್ತಲ್ಲ ಎಂದ. ಅವರು ಎರಡು ಸಲ ಬೇಡಿಕೊಂಡರು. ಅವನು ಆಗದೆಂದು ತಲೆಯಾಡಿಸಿದ. ಕೊನೆಗೆ ತಾವೇ ಡಬ್ಬ ಎತ್ತಿಕೊಂಡು ನಲ್ಲಿಯ ಹತ್ತಿರ ಹೋಗಿ, ಅಂಗಿಯ ತೋಳು ಮಡಚಿ, ಒಂದೊಂದನ್ನೇ ತೊಳೆದಿಟ್ಟರು. ನಾನು ಪಕ್ಕದಲ್ಲಿ ನಿಂತು ಒರೆಸಿಕೊಟ್ಟೆ.

ಹದಿನಾರನೆಯದನ್ನು ಬೋರಲು ಹಾಕಿದ ಮೇಲೆ ಕೈ ಒರೆಸಿಕೊಳ್ಳುತ್ತ ಕೇಳಿದರು: "ನಿಮ್ಮ ಪತ್ರಿಕೇಲಿ ಹೆಸರು ಹಾಕೋಕೆ ಲೇಖಕಿ ಆಗಿರಬೇಕಾ?"

"ಇಲ್ಲ," ಎಂದೆ.

"ಹಾಗಾದ್ರೆ ಬರೀರಿ. ಹರಳು ಇತ್ತು. ನೀಲಿ ಆಗ್ತಿತ್ತು, ಹನ್ನೊಂದು ಗಂಟೆ ಹಾಗೇ ಇರ್ತಿತ್ತು, ನಾನು ಕಣ್ಣಾರೆ ನೋಡಿದೀನಿ. ಕೆಡಿಸಿದ್ದು ಕುಸಾಕಾ-ಸಾನ್ ಅಲ್ಲ. ನೊಗಾಮಿ ಕಿಯೋಮಿ."

ಅದನ್ನು ಓದಬೇಕಾದವರಲ್ಲಿ ಯಾರಿಗೂ ಕನ್ನಡ ಬರುವುದಿಲ್ಲ ಎಂದು ಹೇಳಿದೆ.

"ಪರವಾಗಿಲ್ಲ," ಎಂದರು. "ಎಲ್ಲಾದ್ರೂ ಒಂದು ಕಡೆ ಅಚ್ಚಾಗಿರ್ಲಿ."